ಬಾಡಿಗೆ ಏಳು, ಅಡ್ವಾನ್ಸು ಐವತ್ತು



ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಒತ್ತಿಕೊಂಡಂತೆ ಹೆಗ್ಗನಹಳ್ಳಿ, ಲಗ್ಗೆರೆ, ಸುಂಕದಕಟ್ಟೆ ಎಂಬ ಬಡಾವಣೆಗಳಿವೆ. ಇಪ್ಪತ್ತು-ಮೂವತ್ತರ ಸೈಟು, ಅದರ ಮೇಲೆ ಮೂರು ಅಂತಸ್ತು, ಅಂತಸ್ತಿಗೆ ಎರಡು ಮನೆ, ತಾರಸಿಯಲ್ಲೊಂದು ಶೀಟಿನ ರೂಮು. ಸುತ್ತಲಿನ ಕಾರ್ಖಾನೆಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುವ ಬಹಳ ಮಂದಿ ಇಂಥ ಮನೆಗಳಲ್ಲೇ ಇದ್ದಾರೆ. ಗೇಟಿನಲ್ಲಿ 'ಟು-ಲೆಟ್' ಹಲಗೆ ನೋಡಿ ವಿಚಾರಿಸಿದರೆ ಓನರಮ್ಮ ಮಹಡಿಯಿಂದಲೇ ಹೇಳಿಬಿಡುತ್ತಾರೆ: "ಬಾಡಿಗೆ ಏಳು, ಅಡ್ವಾನ್ಸು ಐವತ್ತು." ಸಾವಿರ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮನೆ ಹುಡುಕಿ ಬಂದವರು ಮೊದಲಿನ ಅಂಕಿಯನ್ನು ಮನಸ್ಸಿನಲ್ಲೇ ಸಂಬಳದಿಂದ ಕಳೆಯುತ್ತಾರೆ. ಎರಡನೆಯದಕ್ಕೆ ಯಾರ ಹತ್ತಿರ ಕೈಚಾಚುವುದು ಎಂದು ಯೋಚಿಸುತ್ತಾರೆ. ಆ ಎರಡನೇ ಅಂಕಿಯ ಬಗ್ಗೆ ಈ ಹೊತ್ತು ಮಾತನಾಡಬೇಕೆಂದಿದ್ದೇನೆ. ಗುತ್ತಿಗೆ ಕೆಲಸದವರ ಮನೆಯ ಲೆಕ್ಕ ತಿಂಗಳ ಬಾಡಿಗೆಯಲ್ಲಿ ಕೆಡುವುದಕ್ಕಿಂತ ಹೆಚ್ಚಾಗಿ ಒಮ್ಮೆಗೇ ಇಡಿಯಾಗಿ ಎಣಿಸಿಕೊಡಬೇಕಾದ ಗಂಟುಗಳಲ್ಲಿ ಕೆಡುತ್ತದೆ ಎಂಬುದು ನನ್ನ ವಾದ.

ಗುತ್ತಿಗೆ ಕಾರ್ಮಿಕ ಎಂದರೆ ಇಂದು ಬಂದು ನಾಳೆ ಹೋಗುವವನು ಎಂಬ ಕಲ್ಪನೆ ನಮ್ಮಲ್ಲಿದೆ. ಕಾಗದದಲ್ಲಿ ಅದು ನಿಜ. ಹನ್ನೊಂದು ತಿಂಗಳಿಗೋ ವರ್ಷಕ್ಕೋ ಅವನ ಕರಾರು ಮುಗಿಯುತ್ತದೆ. ಆದರೆ ಅದೇ ಗೇಟಿನೊಳಗೆ ಅದೇ ಯಂತ್ರದ ಮುಂದೆ ಎಂಟು ಹತ್ತು ವರ್ಷ ನಿಂತಿರುವವರು ಎಷ್ಟು ಬೇಕಾದರೂ ಸಿಗುತ್ತಾರೆ. ಗುತ್ತಿಗೆದಾರ ಬದಲಾಗುತ್ತಾನೆ, ಗುರುತಿನ ಚೀಟಿಯ ಬಣ್ಣ ಬದಲಾಗುತ್ತದೆ, ಆಳು ಅದೇ. ಮಕ್ಕಳು ಅದೇ ಬಡಾವಣೆಯ ಶಾಲೆಯಲ್ಲಿ ಒಂದನೇ ತರಗತಿಯಿಂದ ಏಳನೆಯದಕ್ಕೆ ಬಂದಿರುತ್ತಾರೆ. ಇನ್ನು ಅವನ ಮನೆಯ ಕರಾರಿಗೂ ಹನ್ನೊಂದೇ ತಿಂಗಳು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಆ ಖರ್ಚು, ಓಡಾಟ ತಪ್ಪಿಸಲು ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಎರಡು ಹನ್ನೊಂದು ತಿಂಗಳುಗಳ ಮೇಲೆ ಹತ್ತು ವರ್ಷದ ಸಂಸಾರ ನಡೆಯಬೇಕು.

ಈಗ ಲೆಕ್ಕಕ್ಕೆ ಬರೋಣ. ಇದು ಉದಾಹರಣೆಗೆ ಹಾಕಿಕೊಂಡ ಲೆಕ್ಕ. ನಿಮ್ಮ ಬೀದಿಯ ಅಂಕಿಗಳನ್ನು ನೀವೇ ತುಂಬಿಕೊಳ್ಳಿ. ಬಾಡಿಗೆ 7,000, ಅಡ್ವಾನ್ಸ್ 50,000. ಅಡ್ವಾನ್ಸ್ ಹಣವನ್ನು ಕೈಸಾಲ ತಂದದ್ದು, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಬಡ್ಡಿಯೇ ತಿಂಗಳಿಗೆ 1,500. ಮನೆ ತೋರಿಸಿದ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ 7,000. ಬಿಡುವಾಗ ಬಣ್ಣ ಹೊಡೆಸಲೆಂದು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವ ಇನ್ನೊಂದು ತಿಂಗಳ ಬಾಡಿಗೆ 7,000. ಸಾಮಾನು ಸಾಗಿಸುವ ಗಾಡಿ, ಹತ್ತಿಸಿ ಇಳಿಸುವವರ ಕೂಲಿ, ಗ್ಯಾಸ್ ಪೈಪು, ಬಲ್ಬು, ಹಾಲುಕ್ಕಿಸಿದ ಖರ್ಚು ಎಲ್ಲ ಸೇರಿ 3,000. ಇವು ಮೂರೂ ಕೂಡಿದರೆ 17,000. ಹನ್ನೊಂದೇ ತಿಂಗಳಲ್ಲಿ ಮನೆ ಬಿಟ್ಟರೆ ಈ ಹದಿನೇಳು ಸಾವಿರ ತಿಂಗಳಿಗೆ 1,545ರಂತೆ ಬೀಳುತ್ತದೆ. ಮೂರು ವರ್ಷ ಇದ್ದರೆ 472. ಅಂದರೆ ಬಡ್ಡಿಯೂ ಸೇರಿ ಏಳು ಸಾವಿರದ ಮನೆ ಹನ್ನೊಂದು ತಿಂಗಳಿಗೊಮ್ಮೆ ಮನೆ ಬದಲಿಸುವವನಿಗೆ ಹತ್ತು ಸಾವಿರ ದಾಟುತ್ತದೆ. ಮೂರು ವರ್ಷ ನಿಂತವನಿಗೆ ಒಂಬತ್ತರ ಒಳಗೇ ಇರುತ್ತದೆ.

ಈ ಲೆಕ್ಕ ಗೊತ್ತಿದ್ದರೆ ಚೌಕಾಸಿಯ ರೀತಿಯೇ ಬೇರೆಯಾಗುತ್ತದೆ. ನಾವು ಸಾಮಾನ್ಯವಾಗಿ ಬಾಡಿಗೆಯಲ್ಲಿ ಇನ್ನೂರು ಮುನ್ನೂರು ಇಳಿಸಲು ಗಂಟೆಗಟ್ಟಲೆ ಮಾತಾಡುತ್ತೇವೆ, ಅಡ್ವಾನ್ಸ್ ಹೇಗೂ ವಾಪಸ್ ಬರುವ ದುಡ್ಡು ಎಂದು ಸುಮ್ಮನಾಗುತ್ತೇವೆ. ಸಾಲ ಮಾಡಿ ಅಡ್ವಾನ್ಸ್ ಕೊಡುವವನು ಇದಕ್ಕೆ ತಿರುಗಾಮುರುಗಾ ಮಾಡಬೇಕು. ಅಡ್ವಾನ್ಸಿನಲ್ಲಿ 20,000 ಇಳಿಸಿಕೊಳ್ಳಿ, ಬೇಕಾದರೆ ಬಾಡಿಗೆಯಲ್ಲಿ 300 ಹೆಚ್ಚು ಕೊಡಿ: ಮೇಲಿನ ಬಡ್ಡಿಯ ದರದಲ್ಲಿ ತಿಂಗಳಿಗೆ 600 ಉಳಿದು 300 ಹೋಯಿತು. ಹಾಗೆಯೇ ವರ್ಷ ತುಂಬಿದಾಗ ಓನರ್ ಶೇಕಡಾ 5 ಏರಿಸಿದರೆ 350 ರೂಪಾಯಿ. ಅದಕ್ಕೆ ಸಿಟ್ಟಾಗಿ ಮನೆ ಬಿಟ್ಟು ಇನ್ನೊಂದಕ್ಕೆ ಹೋದರೆ ಹದಿನೇಳು ಸಾವಿರ. ಸಿಟ್ಟು ದುಬಾರಿ. ಮೊದಲ ದಿನವೇ ಕರಾರಿನಲ್ಲಿ ಮುಂದಿನ ಮೂರು ವರ್ಷಕ್ಕೆ ಏರಿಕೆ ಎಷ್ಟು ಎಂದು ಬರೆಸಿಕೊಂಡವನಿಗೆ ಆ ಸಿಟ್ಟಿನ ಪ್ರಸಂಗವೇ ಬರುವುದಿಲ್ಲ. ಅಡ್ವಾನ್ಸನ್ನು ಸ್ವಂತ ಉಳಿತಾಯದಿಂದ ಕೊಟ್ಟವರಿಗೆ ಬಡ್ಡಿಯ ಭಾಗ ಇಷ್ಟು ಕಠಿಣವಲ್ಲ, ಬ್ಯಾಂಕಿನಲ್ಲಿಟ್ಟಿದ್ದರೆ ಬರುತ್ತಿದ್ದಷ್ಟೇ ನಷ್ಟ. ಆದರೆ ಅಂಥವರು ಈ ಬಡಾವಣೆಗಳಲ್ಲಿ ಕಡಿಮೆ.

ಓನರುಗಳನ್ನು ಬೈಯುವುದು ಸುಲಭ. ಆದರೆ ಇವರಲ್ಲಿ ಬಹುಪಾಲು ಜನ ಧಣಿಗಳಲ್ಲ. ಕಾರ್ಖಾನೆಯಿಂದ ನಿವೃತ್ತರಾದವರು, ವಿಆರ್‌ಎಸ್ ಹಣ ಸುರಿದು ಮನೆ ಕಟ್ಟಿದವರು, ಗಂಡ ತೀರಿಕೊಂಡ ಮೇಲೆ ಎರಡು ಮನೆ ಬಾಡಿಗೆಯಲ್ಲೇ ಕಾಲ ಹಾಕುತ್ತಿರುವ ಹೆಂಗಸರು. ಬಾಡಿಗೆಯೇ ಅವರ ಪಿಂಚಣಿ. ಅಡ್ವಾನ್ಸ್ ಹಣ ಪೆಟ್ಟಿಗೆಯಲ್ಲಿ ಕೂತಿರುವುದಿಲ್ಲ. ಎರಡನೇ ಮಹಡಿಯ ಕಾಂಕ್ರೀಟಿಗೋ ಮಗಳ ಮದುವೆಗೋ ಅದು ಎಂದೋ ಹೋಗಿರುತ್ತದೆ. ಹಿಂದಿನ ಬಾಡಿಗೆದಾರರ ಅಡ್ವಾನ್ಸನ್ನು ಮುಂದಿನವರು ಕೊಟ್ಟ ಅಡ್ವಾನ್ಸಿನಿಂದ ತೀರಿಸುವುದೇ ಇಲ್ಲಿನ ಪದ್ಧತಿ. ಎಲ್ಲರಿಗೂ ಗೊತ್ತಿರುವ, ಯಾರೂ ಕರಾರಿನಲ್ಲಿ ಬರೆಯದ ಸಂಗತಿ ಇದು. ಬಡವರು ಮಧ್ಯಮ ವರ್ಗದವರಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಾರೆ, ಆ ಸಾಲ ಕೊಡಲು ತಾವು ಬಡ್ಡಿಗೆ ಸಾಲ ತರುತ್ತಾರೆ.

ಕಾನೂನು ಏನು ಹೇಳುತ್ತದೆ ಎಂದು ಕೇಳಬಹುದು. ಕರ್ನಾಟಕ ಬಾಡಿಗೆ ಕಾಯ್ದೆ 1999ರದು. ಆದರೆ ಬೆಂಗಳೂರಿನಂಥ ದೊಡ್ಡ ನಗರದಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗೆ ಅದು ಅನ್ವಯಿಸುವುದಿಲ್ಲ. ಕಾಯ್ದೆ ಬರೆದ ಕಾಲಕ್ಕೆ ಮೂರೂವರೆ ಸಾವಿರವೆಂದರೆ ಒಳ್ಳೆಯ ಮನೆ. ಇಂದು ಆ ಬಾಡಿಗೆಗೆ ತಾರಸಿಯ ಶೀಟಿನ ರೂಮು ಸಿಕ್ಕರೆ ಪುಣ್ಯ. ಹೀಗಾಗಿ ಕಾಯ್ದೆ ಪುಸ್ತಕದಲ್ಲಿದೆ, ಮನೆಗಳು ಅದರ ಕೈಗೆ ಸಿಗದಷ್ಟು ಮೇಲೆ ಹೋಗಿವೆ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಎಂದಿದೆ. ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ತನ್ನದಾಗಿಸಿಕೊಂಡರಷ್ಟೇ ಕಾನೂನು. ಕರಾರೇ ಇಲ್ಲದೆ ತಿಂಗಳ ಬಾಡಿಗೆಗೆ ಇರುವವರಿಗೂ ಹದಿನೈದು ದಿನದ ನೋಟೀಸು ಕೊಡಬೇಕೆಂದು ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮು ಹೇಳುತ್ತದೆ. ಸಣ್ಣ ರಕ್ಷಣೆ, ಆದರೆ ನೆನಪಿರಲಿ. ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಅಡ್ವಾನ್ಸನ್ನು ಕೈಯಲ್ಲಿ ಎಣಿಸಿಕೊಡದೆ ಬ್ಯಾಂಕಿನ ಮೂಲಕವೋ ಫೋನಿನ ಯುಪಿಐ ಮೂಲಕವೋ ಕೊಟ್ಟ ಗುರುತು. ರಸೀದಿ ಕೇಳಿದರೆ ಮುಖ ಕೆಡಿಸಿಕೊಳ್ಳುವ ಓನರ್ ಕೂಡ ಫೋನಿನ ಪಾವತಿಗೆ ಬೇಸರ ಪಡುವುದಿಲ್ಲ.

ಇನ್ನು ಭೋಗ್ಯದ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಬಾಡಿಗೆಯೇ ಇಲ್ಲ ಎಂಬ ಆಸೆಗೆ ಬಹಳ ಜನ ಬೀಳುತ್ತಾರೆ. 'ಲೀಸಿಗೆ' ಎನ್ನುತ್ತಾರಲ್ಲ, ಅದೇ: ದೊಡ್ಡ ಗಂಟೊಂದನ್ನು ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಅವಧಿ ಮುಗಿದಾಗ ಗಂಟು ವಾಪಸ್. ಊರಿನ ಜಮೀನಿನ ಮೇಲೆ ಸಾಲ ತೆಗೆದು, ಹೆಂಡತಿಯ ಒಡವೆ ಅಡವಿಟ್ಟು, ನಾಲ್ಕೋ ಐದೋ ಲಕ್ಷ ಒಟ್ಟು ಮಾಡಿ ಮೂರು ವರ್ಷಕ್ಕೆ ಮನೆ ಹಿಡಿಯುತ್ತಾರೆ. ಲೆಕ್ಕ ನೋಡಿ: ಐದು ಲಕ್ಷಕ್ಕೆ ನೂರಕ್ಕೆ ಒಂದು ರೂಪಾಯಿ ಬಡ್ಡಿಯಾದರೂ ತಿಂಗಳಿಗೆ 5,000 ಆಯಿತು, ಒಂದೂವರೆ ರೂಪಾಯಿಯಾದರೆ 7,500. ಬಾಡಿಗೆ ಎಲ್ಲಿ ಉಳಿಯಿತು? ಕಡಿಮೆ ಬಡ್ಡಿಗೆ ಹಣ ಸಿಗುವವರಿಗೆ ಮಾತ್ರ ಭೋಗ್ಯ ಲಾಭ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಆ ಮನೆಯನ್ನು ಓನರ್ ಮೊದಲೇ ಬ್ಯಾಂಕಿಗೆ ಅಡವಿಟ್ಟಿದ್ದು, ಕಂತು ಕಟ್ಟದೆ ಹೋದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಗೆ ಬೀಗ ಹಾಕಲು ಬರುತ್ತದೆ. ಇಪ್ಪತ್ತು ರೂಪಾಯಿಯ ಛಾಪಾ ಕಾಗದದ ಮೇಲೆ ಬರೆದ ಭೋಗ್ಯದ ಕರಾರು ಆಗ ಕೈಹಿಡಿಯುವುದು ಕಷ್ಟ. ದುಡ್ಡು ಕೊಡುವ ಮುಂಚೆ ಆ ಸ್ವತ್ತಿನ ಋಣಭಾರ ಪತ್ರ, ಅಂದರೆ ಎಲ್ಲರೂ ಇ.ಸಿ. ಎನ್ನುವ ಕಾಗದ, ತೆಗೆಸಿ ನೋಡಿ. ಈಗ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ. ಮನೆಯ ಒಡೆಯರನ್ನೇ ಕಾಣದೆ, ನಡುವಿನ ಕಂಪನಿಯವರ ಮಾತು ನಂಬಿ ಲಕ್ಷಗಟ್ಟಲೆ ಕೊಟ್ಟು ಬೀದಿಗೆ ಬಿದ್ದವರ ಸುದ್ದಿ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ.

ಹಿಂದೆ ಹೀಗಿರಲಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಕೆಲವರಿಗೆ ಹೀಗಿರಲಿಲ್ಲ. 1948ರಲ್ಲಿ ಐಟಿಐ ಬಂದಾಗ ದೂರವಾಣಿನಗರವೆಂಬ ಊರೇ ಎದ್ದಿತು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಶುರುವಾಗಿ ಜಾಲಹಳ್ಳಿಯ ಸುತ್ತ ಕ್ವಾರ್ಟರ್ಸುಗಳಾದವು; ಶಾಲೆ, ಆಸ್ಪತ್ರೆ, ಆಟದ ಬಯಲು ಎಲ್ಲ ಕಾರ್ಖಾನೆಯದೇ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಮನೆಗಳು ಅದಕ್ಕೂ ಹಳೆಯವು. ಕೊಡಗು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಲೈನ್ ಮನೆಗಳನ್ನು 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯೇ ಕಡ್ಡಾಯ ಮಾಡಿತ್ತು. ಆದರೆ ಸಾರ್ವಜನಿಕ ಉದ್ದಿಮೆಗಳ ಆ ಕ್ವಾರ್ಟರ್ಸುಗಳು ಕಾಯಂ ನೌಕರರಿಗೆ. ಅದೇ ಕಾರ್ಖಾನೆಯೊಳಗೆ ಗುತ್ತಿಗೆಯ ಮೇಲೆ ಲೋಡಿಂಗ್ ಮಾಡುವವನು, ತೋಟ ನೋಡುವವನು, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವಳು ಅಂದೂ ಹೊರಗಿನ ಹಳ್ಳಿಯ ಬಾಡಿಗೆ ಮನೆಯಲ್ಲೇ ಇದ್ದರು.

ಗುತ್ತಿಗೆ ಕಾರ್ಮಿಕರಿಗೆಂದೇ 1970ರಲ್ಲಿ ಕಾಯ್ದೆ ಬಂತು. ನೂರು ಅಥವಾ ಹೆಚ್ಚು ಜನರಿದ್ದರೆ ಕ್ಯಾಂಟೀನು, ರಾತ್ರಿ ತಂಗಬೇಕಾದವರಿಗೆ ವಿಶ್ರಾಂತಿ ಕೊಠಡಿ, ಕುಡಿಯುವ ನೀರು, ಶೌಚಾಲಯ ಎಲ್ಲವನ್ನೂ ಅದು ಕೇಳಿತು. ಮನೆಯನ್ನು ಕೇಳಲಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಮಾತ್ರ ಗುತ್ತಿಗೆದಾರ ತಕ್ಕ ವಸತಿ ಕೊಡಬೇಕು ಎಂದಿತು. ಇಲ್ಲೊಂದು ತಮಾಷೆ ಇದೆ, ನೋಡಿ. ಹೊಸೂರಿನಿಂದ ಗುತ್ತಿಗೆದಾರನ ಮೂಲಕ ನಲವತ್ತು ಕಿಲೋಮೀಟರು ದಾಟಿ ಬಂದವನು ಗಡಿ ದಾಟಿದ್ದರಿಂದ ವಲಸಿಗ. ಯಾದಗಿರಿಯಿಂದಲೋ ರಾಯಚೂರಿನಿಂದಲೋ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ರಾತ್ರಿಯಿಡೀ ಪ್ರಯಾಣ ಮಾಡಿ ಗುಳೆ ಬಂದವನು ಕಾಯ್ದೆಯ ಕಣ್ಣಿಗೆ ಊರಲ್ಲೇ ಇದ್ದ. ಆ ಕಾಯ್ದೆಯಡಿ ಅವನಿಗೆ ವಸತಿಯ ಬಾಧ್ಯತೆ ಯಾರದೂ ಆಗಿರಲಿಲ್ಲ. ಈ ಕಾಯ್ದೆಗಳೆಲ್ಲ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೊಳಗೆ ಸೇರಿ, ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ತಾನಾಗಿಯೇ ಬಂದವರನ್ನೂ ವಲಸೆ ಕಾರ್ಮಿಕರೆಂದು ಅದು ಒಪ್ಪಿತು, ಒಳ್ಳೆಯದೇ. ರಾಜ್ಯದ ಗಡಿಯ ಗೆರೆ ಮಾತ್ರ ಇದ್ದಲ್ಲೇ ಇದೆ.

ಇನ್ನು ಸಂಬಳದಲ್ಲಿ ಬಾಡಿಗೆಗೆಂದು ಎಷ್ಟು ಹಿಡಿದಿದ್ದಾರೆ? ಕನಿಷ್ಠ ವೇತನ ನಿಗದಿ ಮಾಡುವ ಸೂತ್ರದ ಮೂಲ 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿದೆ. ಅಂದು ಸರ್ಕಾರದ ಕೈಗಾರಿಕಾ ವಸತಿ ಯೋಜನೆಯ ಮನೆಗಳ ಕನಿಷ್ಠ ಬಾಡಿಗೆಯನ್ನು ಅಳತೆಯಾಗಿಟ್ಟುಕೊಂಡಿದ್ದರು. ಆ ಮನೆಗಳು ಕಟ್ಟುವುದು ನಿಂತ ಎಷ್ಟೋ ವರ್ಷಗಳ ಮೇಲೆ, ವೇತನ ಸಂಹಿತೆಯ ಕೇಂದ್ರ ನಿಯಮಗಳ ಕರಡಿನಲ್ಲಿ ಊಟ ಮತ್ತು ಬಟ್ಟೆಯ ಖರ್ಚಿನ ಶೇಕಡಾ 10ರಷ್ಟನ್ನು ಬಾಡಿಗೆ ಎಂದಿಟ್ಟರು. ಸಂಸಾರದ ಊಟ ಬಟ್ಟೆಗೆ ತಿಂಗಳಿಗೆ 12,000 ಆಗುತ್ತದೆ ಎನ್ನಿ. ಬಾಡಿಗೆಗೆ 1,200 ಆಯಿತು. ಆ ಹಣಕ್ಕೆ ಬೆಂಗಳೂರಿನಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಸಿಗಬಹುದು. ಸಂಬಳ ಲೆಕ್ಕ ಹಾಕುವ ಕಚೇರಿಯೂ ಮನೆ ಬಾಡಿಗೆಯ ಬೀದಿಯೂ ಪರಸ್ಪರ ಮುಖ ನೋಡಿಯೇ ಇಲ್ಲ. ಉಳಿದ ಐದಾರು ಸಾವಿರವನ್ನು ಕಾರ್ಮಿಕ ಓಟಿಯಿಂದ, ಅಂದರೆ ಹೆಚ್ಚಿನ ಹೊತ್ತಿನ ದುಡಿಮೆಯಿಂದ, ಇಲ್ಲವೇ ಊಟದಿಂದ ತೆಗೆಯುತ್ತಾನೆ.

ಕೆಲವರು ಬಾಡಿಗೆಯನ್ನು ಹಣದ ಬದಲು ಸಮಯದಲ್ಲಿ ತೆರುತ್ತಾರೆ. ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರವರಿಯ ಕೊನೆಗೆ ಮುಚ್ಚಿತು. ಗಣಿಯವರ ಲೈನು ಮನೆಗಳಲ್ಲಿದ್ದ ಸಂಸಾರಗಳು ಅಲ್ಲೇ ಉಳಿದವು, ದುಡಿಮೆ ಮಾತ್ರ ಬೆಂಗಳೂರಿಗೆ ಬಂತು. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲುಗಳು ಬಂಗಾರಪೇಟೆಯಲ್ಲಿ, ಮಾಲೂರಿನಲ್ಲಿ ಇನ್ನಷ್ಟು ತುಂಬಿಕೊಂಡು, ವೈಟ್‌ಫೀಲ್ಡ್, ಕೃಷ್ಣರಾಜಪುರಗಳಲ್ಲಿ ಸೆಕ್ಯುರಿಟಿಯವರನ್ನೂ ಹೌಸ್‌ಕೀಪಿಂಗಿನವರನ್ನೂ ಆಸ್ಪತ್ರೆಯ ಆಯಾಗಳನ್ನೂ ಇಳಿಸುತ್ತವೆ. ಸೀಸನ್ ಟಿಕೆಟಿನ ಹಣ ಬೆಂಗಳೂರಿನ ಬಾಡಿಗೆಯ ಮುಂದೆ ಏನೂ ಅಲ್ಲ. ಆದರೆ ದಿನಕ್ಕೆ ಐದಾರು ಗಂಟೆ ಹಳಿಯ ಮೇಲೆ ಹೋಗುತ್ತದೆ. ಸೀಟಿಗೊಂದು ಬಳಗ, ಬಳಗಕ್ಕೊಂದು ಚೀಟಿ ವ್ಯವಹಾರ, ಭಜನೆ, ಇಸ್ಪೀಟು. ಆ ಬೋಗಿಗಳ ಲೋಕವೇ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಪಾಲಿಗೆ ಬಸ್ಸಿನಲ್ಲೂ ಇದೇ ಲೆಕ್ಕ ಸಾಧ್ಯವಾಗಿದೆ. ಟಿಕೆಟಿಗೆ ಹಣ ಕೊಡಬೇಕಿಲ್ಲದ್ದರಿಂದ ಗಾರ್ಮೆಂಟ್ಸ್ ಕೆಲಸದವಳು ಐದು ನಿಲ್ದಾಣ ಆಚೆ, ಬಾಡಿಗೆ ಎರಡು ಸಾವಿರ ಕಡಿಮೆಯಿರುವ ಕಡೆ ಮನೆ ನೋಡಬಹುದು. ಗಂಡನ ಬಸ್ ಚಾರ್ಜು, ಮಕ್ಕಳ ಶಾಲೆ, ರಾತ್ರಿ ಎಂಟರ ಮೇಲೆ ಆ ದಾರಿಯಲ್ಲಿ ಬಸ್ಸು ಇದೆಯೇ ಎಂಬುದನ್ನು ಕೂಡಿಸಿ ನೋಡಿದ ಮೇಲೆ ತೀರ್ಮಾನ.

ಬಾಡಿಗೆಯೇ ಇಲ್ಲದ ವಸತಿಯೂ ಉಂಟು: ಕಟ್ಟಡದ ಕೆಲಸದ ಜಾಗದಲ್ಲಿನ ತಗಡಿನ ಶೆಡ್ಡು. ಕಟ್ಟಡ ಕಾರ್ಮಿಕರಿಗೆ ಕೆಲಸ ಮುಗಿಯುವ ತನಕ ಉಚಿತವಾಗಿ, ಅಡುಗೆಗೆ ಸ್ನಾನಕ್ಕೆ ಶೌಚಕ್ಕೆ ಬೇರೆ ಬೇರೆ ಜಾಗವಿರುವ ತಾತ್ಕಾಲಿಕ ವಸತಿ ಕೊಡಬೇಕೆಂದು 1996ರ ಕಾಯ್ದೆಯ 34ನೇ ಕಲಮು ಹೇಳಿತ್ತು. ಶೆಡ್ಡುಗಳು ಬಂದವು. ಏಪ್ರಿಲ್ ಮಧ್ಯಾಹ್ನ ಅವುಗಳೊಳಗೆ ಕಾಲಿಟ್ಟವರಿಗೆ ಉಳಿದದ್ದನ್ನು ನಾನು ಹೇಳಬೇಕಾಗಿಲ್ಲ. ಖರ್ಚಿನ ದೃಷ್ಟಿಯಿಂದ ಇದು ಅಗ್ಗ ನಿಜ, ಆದರೆ ಕೆಲಸವೂ ಸೂರೂ ಒಬ್ಬರ ಕೈಯಲ್ಲೇ ಇದ್ದರೆ ಎರಡೂ ಒಂದೇ ದಿನ ಹೋಗುತ್ತವೆ. 2020ರ ಲಾಕ್‌ಡೌನಿನಲ್ಲಿ ನಾಡು ಇದನ್ನು ಕಂಡಿತು. ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದೆಂದು ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಆದೇಶ ಹೊರಡಿಸಿತು. ಆದರೂ ಜನ ನಡೆದು ಹೊರಟರು. ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ಊರಿಗೆ ಹೋಗುವ ರೈಲುಗಳನ್ನು, ಕಟ್ಟಡ ಉದ್ದಿಮೆಯವರ ಜೊತೆ ಸರ್ಕಾರ ಮಾತಾಡಿದ ಬೆನ್ನಿಗೆ, ರದ್ದು ಮಾಡಿ, ಗದ್ದಲವಾದ ಮೇಲೆ ಮತ್ತೆ ಬಿಟ್ಟದ್ದೂ ದಾಖಲೆಯಲ್ಲಿದೆ. ಆ ವರ್ಷದ ಜುಲೈನಲ್ಲಿ ವಲಸೆ ಕಾರ್ಮಿಕರಿಗೆ ಕೈಗೆಟಕುವ ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಖಾಲಿ ಬಿದ್ದಿದ್ದ ಸರ್ಕಾರಿ ಮನೆಗಳನ್ನು ಬಾಡಿಗೆಗೆ ಕೊಡುವುದು ಅದರ ಒಂದು ದಾರಿ. ಯೋಚನೆ ಚೆನ್ನಾಗಿತ್ತು. ಆದರೆ ಖಾಲಿ ಮನೆಗಳು ಖಾಲಿಯಿದ್ದದ್ದೇ ಅವು ಕೆಲಸದಿಂದ ದೂರ ಇದ್ದದ್ದರಿಂದ.

ಗುತ್ತಿಗೆದಾರನೇ ಮನೆ ಹಿಡಿದು ಹತ್ತು ಜನರನ್ನು ಇರಿಸಿ ತಲೆಗಿಷ್ಟು ಎಂದು ಸಂಬಳದಲ್ಲಿ ಮುರಿದುಕೊಳ್ಳುವ ಪದ್ಧತಿ ಬೊಮ್ಮಸಂದ್ರ, ಜಿಗಣಿ, ಬಿಡದಿಯ ಕಡೆ ಸಾಮಾನ್ಯ. ಒಂಟಿ ಹುಡುಗರಿಗೆ ಇದರಲ್ಲಿ ಅನುಕೂಲವಿದೆ, ಅಡ್ವಾನ್ಸಿನ ಗೋಜಿಲ್ಲ. ಆದರೆ ಮುರಿದದ್ದು ಸಂಬಳದ ಚೀಟಿಯಲ್ಲಿ ಕಾಣಬೇಕು. ವಸತಿಗೆಂದು ಮುರಿಯಲು ವೇತನ ಸಂಹಿತೆ ಒಪ್ಪುತ್ತದೆ, ಎಲ್ಲ ಕಡಿತಗಳೂ ಸೇರಿ ಸಂಬಳದ ಅರ್ಧ ದಾಟಬಾರದು. ಗುತ್ತಿಗೆದಾರರೂ ಈ ಮಾತು ಕೇಳುತ್ತಿದ್ದರೆ ಅವರಿಗೊಂದು ಸಂಗತಿ: ತಲೆಗೆ ತಿಂಗಳಿಗೆ 20,000 ರೂಪಾಯಿ ಮೀರದ, ಸತತ 90 ದಿನಕ್ಕೆ ಕಡಿಮೆಯಿಲ್ಲದ ವಾಸಕ್ಕೆ ಕೊಡುವ ಹಾಸ್ಟೆಲ್ ಮಾದರಿಯ ವಸತಿ 2024ರ ಜುಲೈ 15ರಿಂದ ಜಿಎಸ್‌ಟಿಯ ಹೊರಗಿದೆ. ಪಿಜಿಯವರು ತೆರಿಗೆಯ ನೆಪ ಹೇಳಿ ದರ ಏರಿಸಿದರೆ ಇದನ್ನು ತೋರಿಸಿ.

ಕರೆಂಟಿನ ವಿಷಯ ಚಿಕ್ಕದೆಂದು ತೋರುತ್ತದೆ, ವರ್ಷಕ್ಕೆ ಕೂಡಿಸಿದರೆ ಒಂದು ತಿಂಗಳ ಬಾಡಿಗೆಯೇ ಆಗಿಬಿಡಬಹುದು. ಗೃಹಜ್ಯೋತಿ 2023ರ ಆಗಸ್ಟ್‌ನಿಂದ ಜಾರಿಯಲ್ಲಿದೆ, ಬಾಡಿಗೆಯವರಿಗೂ ಅನ್ವಯ. ಆ ಮನೆಯ 2022-23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದಷ್ಟು ಉಚಿತ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಎಡವುವುದು ವಠಾರದಲ್ಲಿ. ಎಂಟು ರೂಮಿಗೆ ಒಂದೇ ಆರ್‌ಆರ್ ನಂಬರು, ಅಂದರೆ ಒಂದೇ ವಿದ್ಯುತ್ ಸಂಪರ್ಕ, ಒಳಗೆ ಓನರ್ ಹಾಕಿಸಿದ ಸಬ್ ಮೀಟರು. ಎಂಟು ಸಂಸಾರಗಳ ಬಳಕೆ ಒಟ್ಟಾಗಿ ಇನ್ನೂರನ್ನು ಎಂದೋ ದಾಟಿರುತ್ತದೆ. ತೀರಾ ಕಡಿಮೆ ಕರೆಂಟು ಸುಡುವವನಿಗೆ ಉಚಿತ ಕರೆಂಟು ಸಿಗದು. ಯೂನಿಟ್ಟಿಗೆ ಓನರ್ ಹೇಳಿದ ದರ ಕೊಡುತ್ತಾನೆ. ಹಾಗಾಗಿ ಮನೆ ನೋಡುವಾಗ ಅಡುಗೆಮನೆ ನೋಡುವ ಮುಂಚೆ ಮೀಟರ್ ಬೋರ್ಡು ನೋಡಿ. ಸ್ವಂತ ಮೀಟರ್ ಇರುವ ಮನೆಗೆ ಬಾಡಿಗೆ 300 ಹೆಚ್ಚಾದರೂ ಪರವಾಗಿಲ್ಲ. ನೀರಿನದೂ ಹೀಗೇ. ಕಾವೇರಿ ನೀರು ಬರುತ್ತದೆಯೇ, ಬೋರೇ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ಹಣ ಯಾರದು ಎಂಬುದನ್ನು ಫೆಬ್ರವರಿಗೆ ಮುಂಚೆಯೇ ಮಾತಾಡಿಕೊಳ್ಳುವುದು ಲೇಸು.

ಗುತ್ತಿಗೆ ಕೆಲಸದ ದೊಡ್ಡ ಗಂಡಾಂತರ ಹಳೆ ಗುತ್ತಿಗೆದಾರ ಹೋಗಿ ಹೊಸಬ ಬರುವ ನಡುವಿನ ಕಾಲ. ಹಳಬನ ಕೊನೆಯ ಸಂಬಳ ತಡ, ಹೊಸಬನ ಮೊದಲ ಸಂಬಳ ಇನ್ನೂ ತಡ. ಬಾಡಿಗೆಯ ದಿನಾಂಕ ಯಾರಿಗೂ ಕಾಯುವುದಿಲ್ಲ. ಆಗ ಓನರ್ "ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತೇನೆ" ಎನ್ನುತ್ತಾರೆ. ಒಪ್ಪಿದರೆ ಬಿಡುವಾಗ ಕೈಗೆ ಬರುವುದು ಶೂನ್ಯ, ಮುಂದಿನ ಮನೆಗೆ ಮತ್ತೆ ಸಾಲ. ಎರಡು ತಿಂಗಳ ಬಾಡಿಗೆಯನ್ನು ಬೇರೆ ಖಾತೆಯಲ್ಲಿ ಇಡಿ ಎಂದು ಹೇಳುವುದು ಸುಲಭ, ಇಡುವುದು ಕಷ್ಟ, ನನಗೆ ಗೊತ್ತು. ಹೆಂಗಸರು ಚೀಟಿ ಹಾಕುವುದು ಇದಕ್ಕೇ. ನೋಂದಾಯಿತ ಚೀಟಿಯಲ್ಲಿ ನಡೆಸುವವರ ಕಮಿಷನ್ 2019ರ ತಿದ್ದುಪಡಿಯ ಪ್ರಕಾರ ಶೇಕಡಾ 7ಕ್ಕೆ ಮೀರುವಂತಿಲ್ಲ. ಬೀದಿಯ ಚೀಟಿಗೆ ಇಂಥ ಲಗಾಮಿಲ್ಲ, ನಂಬಿಕೆಯೊಂದೇ ಜಾಮೀನು. ಆದರೂ ನೂರಕ್ಕೆ ಮೂರರ ಬಡ್ಡಿಗೆ ಹೋಲಿಸಿದರೆ, ಒಂದೇ ಸಾಲಿನಲ್ಲಿ ಹೊಲಿಯುವ ಹತ್ತು ಹೆಂಗಸರ ಚೀಟಿ ಎಷ್ಟೋ ವಾಸಿ.

ಇದಕ್ಕಿಂತ ಸುಲಭವಾದ ದಾರಿ ಕಾರ್ಖಾನೆ ಮಾಲೀಕರ ಕೈಯಲ್ಲಿದೆ ಎಂದು ನನಗನಿಸುತ್ತದೆ. ಕಾರ್ಖಾನೆ ಕ್ವಾರ್ಟರ್ಸ್ ಕಟ್ಟುವ ಕಾಲ ಹೋಯಿತು, ಅದನ್ನು ಕೇಳುತ್ತಿಲ್ಲ. ಅಡ್ವಾನ್ಸ್ ಮೊತ್ತವನ್ನು ಬಡ್ಡಿಯಿಲ್ಲದೆ ಮುಂಗಡ ಕೊಟ್ಟು, ಇಪ್ಪತ್ತು ತಿಂಗಳಲ್ಲಿ ಸಂಬಳದಿಂದ ಮುರಿದುಕೊಂಡರೆ ಸಾಕು. ಐವತ್ತು ಸಾವಿರಕ್ಕೆ ತಿಂಗಳಿಗೆ 2,500. ಮೇಲಿನ ಲೆಕ್ಕದಲ್ಲಿ ಬರಿಯ ಬಡ್ಡಿಗೇ 1,500 ಹೋಗುತ್ತಿದೆ, ಅಸಲು ಹಾಗೇ ನಿಂತಿದೆ. ಇನ್ನೊಂದು ಸಾವಿರ ಸೇರಿಸಿದರೆ ಇಪ್ಪತ್ತು ತಿಂಗಳಿಗೆ ಅಸಲೇ ತೀರಿ, ಅಡ್ವಾನ್ಸು ಅವನ ಸ್ವಂತ ಗಂಟಾಗುತ್ತದೆ. ಗುತ್ತಿಗೆದಾರನ ಮಟ್ಟದಲ್ಲಿ ಇದು ನಡೆಯುವುದಿಲ್ಲ, ಏಕೆಂದರೆ ಇಪ್ಪತ್ತು ತಿಂಗಳು ಅವನೇ ಇರುವ ಖಾತ್ರಿಯಿಲ್ಲ. ಆದರೆ ಗುತ್ತಿಗೆದಾರ ಬದಲಾದರೂ ಆಳು ಬದಲಾಗುವುದಿಲ್ಲ ಎಂಬುದು ಕಾರ್ಖಾನೆಗೆ ಚೆನ್ನಾಗಿ ಗೊತ್ತು. ಹೊಸ ಗುತ್ತಿಗೆಯ ಷರತ್ತುಗಳಲ್ಲಿ ಈ ಮುಂಗಡದ ಬಾಕಿಯನ್ನೂ ಒಂದು ಸಾಲಾಗಿ ಸೇರಿಸಿ ಮುಂದಿನವನಿಗೆ ವಹಿಸಬಹುದು. ಜನ ಓಡಿಹೋಗುತ್ತಾರೆ ಎಂಬ ಭಯವನ್ನು ಮಾಲೀಕರು ಹೇಳುತ್ತಾರೆ. ಹೋದರೆ ಕಳೆಯುವುದು ಒಬ್ಬನ ಬಾಕಿ. ಅಡ್ವಾನ್ಸ್ ಹೊಂದಿಸಲಾಗದೆ ಮನೆ ಬಿಟ್ಟು ಊರಿಗೆ ಹೋಗುವ ಅನುಭವಿಯ ಬದಲಿಗೆ ಹೊಸಬನಿಗೆ ಕೆಲಸ ಕಲಿಸುವ ಖರ್ಚನ್ನು ಅವರು ಯಾವ ಕಾಲಮ್ಮಿನಲ್ಲೂ ಬರೆಯುತ್ತಿಲ್ಲ, ಅಷ್ಟೆ.

ಕೊನೆಗೆ ಮನೆ ಬಿಡುವ ಗಳಿಗೆ. ಹೊಸ ಮನೆಗೆ ಅಡ್ವಾನ್ಸ್ ಮೊದಲು ಕೊಡಬೇಕು, ಹಳೆಯದು ಆಮೇಲೆ ಬರುತ್ತದೆ. ನಡುವಿನ ಹದಿನೈದು ದಿನಕ್ಕೋ ಎರಡು ತಿಂಗಳಿಗೋ ಎರಡೂ ಮನೆಯ ಗಂಟು ನಿಮ್ಮ ತಲೆಯ ಮೇಲೆ. ಓನರ್ ಮುಂದಿನವರಿಂದ ಇಸಿದುಕೊಂಡೇ ನಿಮಗೆ ಕೊಡುವವರು ಎಂದು ಗೊತ್ತಿರುವುದರಿಂದ, ಬಿಡುತ್ತೇನೆ ಎಂದು ಹೇಳಿದ ದಿನದಿಂದಲೇ ಆ ಮುಂದಿನವರನ್ನು ನೀವೇ ಹುಡುಕಿ. ನಿಮ್ಮ ಶಿಫ್ಟಿನಲ್ಲೇ ಮನೆ ಹುಡುಕುತ್ತಿರುವ ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಕರೆತಂದರೆ ಅವರಿಗೆ ಬ್ರೋಕರ್ ಹಣ ಉಳಿಯಿತು, ಓನರಿಗೆ ಮನೆ ಖಾಲಿ ಬೀಳಲಿಲ್ಲ, ನಿಮ್ಮ ಅಡ್ವಾನ್ಸು ಅದೇ ದಿನ ಕೈಗೆ ಬಂತು. ಮನೆಗೆ ಬಂದ ದಿನ ಗೋಡೆ, ನಲ್ಲಿ, ಬಾಗಿಲುಗಳ ಫೋಟೋ ತೆಗೆದಿಟ್ಟಿದ್ದರೆ ಬಣ್ಣದ ಕಡಿತದ ಮಾತು ಬಂದಾಗ ತೋರಿಸಿ. ಮೂರು ವರ್ಷ ಇದ್ದ ಮನೆಗೆ ಬಣ್ಣ ಹೊಡೆಸುವುದು ಓನರ್ ಹೇಗೂ ಮಾಡಿಸಬೇಕಾದ ಕೆಲಸ, ಅರ್ಧಕ್ಕೆ ಇಳಿಸಿಕೊಳ್ಳಬಹುದು. ಹೊರಡುವ ದಿನ ಮೀಟರಿನ ಅಂಕಿ ಬರೆದುಕೊಳ್ಳಿ. ಸೇವಾಸಿಂಧು ಜಾಲತಾಣದಲ್ಲಿ ಹಳೆ ಆರ್‌ಆರ್ ನಂಬರಿನಿಂದ ನಿಮ್ಮ ಆಧಾರನ್ನು ಬಿಡಿಸಿಕೊಳ್ಳಲು ಡಿ-ಲಿಂಕ್ ಎಂಬ ಅವಕಾಶವಿದೆ, ಅದನ್ನು ಸಾಮಾನು ಗಾಡಿಗೆ ಏರಿಸುವ ಮುಂಚೆಯೇ ಮುಗಿಸಿ. ಇಲ್ಲದಿದ್ದರೆ ನೀವು ಹೊಸ ಮನೆಯಲ್ಲಿ, ನಿಮ್ಮ ಗೃಹಜ್ಯೋತಿ ಹಳೆ ಮನೆಯಲ್ಲಿ.